ಮೊಗ್ಗಿನಲ್ಲೇ ಉತ್ತ ಹೂವು

ಗೋವಿಂದಪ್ಪನಿಗೆ ಹುಟ್ಟಿನಿಂದಲೇ ಬಂದ ಕಾಯಿಲೆಯೊಂದಿತ್ತು. ಯಾವುದನ್ನು ಕಂಡರೂ ಅದರ ಒಳಗೇನಿದೆ ಎಂದು ನೋಡುವ ತನಕ ಉಂಡ ಮುದ್ದೆ ಅವನ ಮೈಗೆ ಹತ್ತುತ್ತಿರಲಿಲ್ಲ. ಚಿಕ್ಕವನಾಗಿದ್ದಾಗ ಗೆದ್ದಲಿನ ರಾಣಿಯನ್ನು ನೋಡುತ್ತೇನೆಂದು ಹುತ್ತ ಅಗೆದು, ಒಳಗಿದ್ದ ಹಾವು ಹೊರಗೆ ಬಂದಾಗ ಜೋಗಿಮಟ್ಟಿ ಗುಡ್ಡದ ತನಕ ಓಡಿದ್ದನಂತೆ. ಮದುವೆಯಲ್ಲಿ ಮಾವ ಕೊಟ್ಟ ಕೈಗಡಿಯಾರವನ್ನು ಅರಿಶಿನ ಆರುವ ಮೊದಲೇ ಬಿಚ್ಚಿ ಹರಡಿಕೊಂಡು ಕೂತಿದ್ದ. ಬಿಚ್ಚುವುದು ಬಂತು, ಜೋಡಿಸುವುದು ಬರಲಿಲ್ಲ. 'ನಮ್ಮನೆಯವ್ರ ಕಣ್ಣಿಗೆ ಬಿದ್ದಿದ್ದು ಇಡಿಯಾಗಿ ಉಳಿಯಾದಿಲ್ಲ' ಎಂದು ಹೆಂಡತಿ ನಿಂಗಕ್ಕ ಹೇಳುವಾಗ ಅದರಲ್ಲಿ ದೂರು ಎಷ್ಟಿತ್ತೋ ಹೆಮ್ಮೆಯೂ ಅಷ್ಟೇ ಇರುತ್ತಿತ್ತು.

ಇಂಥ ಮನುಷ್ಯ ಎರಡು ವರ್ಷದಿಂದ ಒಡಹುಟ್ಟಿದ ತಮ್ಮನ ಹೊಲದ ಕಡೆ ಕಣ್ಣೆತ್ತಿ ನೋಡಿರಲಿಲ್ಲ ಎಂದರೆ, ಜಗಳ ಸಣ್ಣದಲ್ಲ ಎಂದು ತಿಳಿಯಬೇಕು.

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುತ್ತಾರೆ. ಗೋವಿಂದಪ್ಪ ಮತ್ತು ಓಬಣ್ಣ ಆ ಗಾದೆಯನ್ನು ಬಹಳ ಕಾಲ ಸುಳ್ಳು ಮಾಡಿದ್ದರು. ಅಪ್ಪ ತೀರಿಕೊಂಡ ಮೇಲೆ ಮನೆ ಪಾಲಾದಾಗಲೂ ಒಂದು ಕೆಟ್ಟ ಮಾತು ಬಂದಿರಲಿಲ್ಲ. ಗೋವಿಂದಪ್ಪ ಚಿಕ್ಕಂದಿನಿಂದ ಕುರಿಯ ಹಿಂದೆ ತಿರುಗಿದವನು, ಕುರಿಮಂದೆ ಅವನಿಗೆ ಬಂತು. ಓಬಣ್ಣ ನೇಗಿಲು ಹಿಡಿದವನು, ಊರ ಪಡುವಣಕ್ಕಿದ್ದ ಎರೆಹೊಲ ಅವನಿಗೆ ಹೋಯಿತು. ಅಪ್ಪನ ಕಾಲದಲ್ಲಿ ಹೇಗೋ ಹಾಗೆಯೇ ಪ್ರತಿ ವರ್ಷ ಬಿತ್ತನೆಗೆ ಮೊದಲು ಅಣ್ಣನ ಮಂದೆ ತಮ್ಮನ ಹೊಲದಲ್ಲಿ ನಿಲ್ಲಬೇಕೆಂದು ಮಾತಾಗಿತ್ತು.

ಮಂದೆ ನಿಲ್ಲಿಸುವುದು ಹಿರಿಯೂರು ಸೀಮೆಯ ಆ ಕಕ್ಕೆಹಟ್ಟಿಯಲ್ಲಿ ಹಳೆಯ ಪದ್ಧತಿ. ಹೊಲದ ಒಂದು ತುಂಡಿನಲ್ಲಿ ಒಂದು ರಾತ್ರಿ, ಪಕ್ಕದ ತುಂಡಿನಲ್ಲಿ ಮಾರನೆಯ ರಾತ್ರಿ, ಹೀಗೆ ಹೊಲವಿಡೀ ಕುರಿ ಮಲಗಿ ಎದ್ದರೆ ಹಿಕ್ಕೆಯೂ ಗಂಜಲವೂ ನೆಲಕ್ಕಿಳಿದು ಜೋಳ ಆಳೆತ್ತರ ಬರುತ್ತಿತ್ತು. ಮಂದೆ ಎದ್ದ ಕೂಡಲೇ ನೇಗಿಲು ಹೊಡೆದು ಹಿಕ್ಕೆ ಮುಚ್ಚಬೇಕು, ಮೊದಲು ಸಿಕ್ಕ ಮಳೆಯ ಹದಕ್ಕೆ ಬಿತ್ತಬೇಕು. ತಡ ಮಾಡಿದವನ ಗೊಬ್ಬರದ ಸಾರವೆಲ್ಲ ಬಿಸಿಲಿಗೆ ಹೋಯಿತು ಎಂದು ಲೆಕ್ಕ. ಮಾರಿಕಣಿವೆ ಅಣೆಕಟ್ಟಿನ ನಾಲೆ ಊರಿನ ತಗ್ಗಿನಲ್ಲೇ ಹಾದುಹೋಗಿತ್ತು, ಮೇಲಿನ ಹೊಲಗಳಿಗೆ ಆಕಾಶ ಮತ್ತು ಕುರಿ ಎರಡೇ ಗತಿ.

ಪಾಲಾದ ಮೊದಲ ವರ್ಷವೇ ಗೋವಿಂದಪ್ಪ ಒಂದು ಎಡವಟ್ಟು ಮಾಡಿದ. ಊರಿನ ದೊಡ್ಡ ಒಕ್ಕಲು ದೊಡ್ಡತಿಮ್ಮಪ್ಪ 'ಮೊದಲು ನನ್ನ ಹೊಲ' ಎಂದಾಗ ಇಲ್ಲವೆನ್ನಲಾಗದೆ ಮಂದೆಯನ್ನು ಅಲ್ಲಿಗೆ ಹೊಡೆದ. ತಮ್ಮ ಎಲ್ಲಿಗೆ ಹೋಗುತ್ತಾನೆ, ಮನೆಯವನು, ಕಾಯುತ್ತಾನೆ ಎಂದುಕೊಂಡ. ತಮ್ಮ ಕಾದ, ಮಳೆ ಕಾಯಲಿಲ್ಲ. ಎರೆಭೂಮಿ ಕೆಸರಾದರೆ ಕುರಿಯ ಗೊರಸು ಕೊಳೆಯುತ್ತದೆ, ಮಂದೆ ನಿಲ್ಲಿಸುವಂತಿಲ್ಲ. ಗೊಬ್ಬರ ಕಾಣದ ಹೊಲದಲ್ಲಿ ಓಬಣ್ಣನ ಜೋಳ ಮೊಣಕಾಲು ದಾಟಲಿಲ್ಲ. ಕಣದಲ್ಲಿ ಎಲ್ಲರೆದುರು ಅವನು ಅಣ್ಣನಿಗೆ, 'ಇನ್ನು ನಿನ್ನ ಕುರಿಯ ಒಂದು ಹಿಕ್ಕೆನೂ ನನ್ನ ಹೊಲಕ್ಕೆ ಬೀಳಾದು ಬ್ಯಾಡ' ಎಂದ. ಅಂದಿನಿಂದ ಮಾತು ನಿಂತಿತು.

ಗೋವಿಂದಪ್ಪನಿಗೆ ತಪ್ಪು ತನ್ನದೆಂದು ಗೊತ್ತಿತ್ತು. ಆದರೆ ಅವನು ತಾನಾಗಿ ಹೋಗಲಿಲ್ಲ, ತಮ್ಮನೇ ಬರಲಿ ಎಂದು ಕಾದ. ಬಂದೇ ಬರುತ್ತಾನೆ, ಮಂದೆ ಇಲ್ಲದೆ ಆ ಹೊಲ ಎಷ್ಟು ದಿನ ಬೆಳೆ ಕೊಟ್ಟೀತು? ಅವತ್ತು ತಾನು ಒಂದು ಮಾತೂ ಆಡದೆ ಮಂದೆ ಹೊಡೆದುಕೊಂಡು ಹೋಗಿ ನಿಲ್ಲಿಸಬೇಕು, ಅಷ್ಟರಲ್ಲಿ ಎಲ್ಲ ಸರಿಹೋಗಬೇಕು. ಇದು ಅವನು ಕುರಿ ಕಾಯುತ್ತಾ ಕಟ್ಟಿಕೊಂಡಿದ್ದ ಗೋಪುರ.

ಎಪ್ಪತ್ತೈದನೇ ಇಸವಿಯ ಆರಿದ್ರಾ ಮಳೆಗೆ ಆ ಗೋಪುರದ ಬುಡಕ್ಕೆ ನೀರು ಬಂತು. ಓಬಣ್ಣ ಮಂದೆ ಕೇಳಲು ಬರಲಿಲ್ಲ. ಬದಲಿಗೆ ಗ್ರಾಮಸೇವಕ ಪಾಪಣ್ಣನ ಸೈಕಲ್ಲಿನ ಹಿಂದೆ ಒಂದು ಚೀಲ ಅವನ ಮನೆಗೆ ಬಂತು. ಹಿರಿಯೂರು ಕಡೆಯ ಸರ್ಕಾರಿ ಫಾರಂನಿಂದ ತಂದ ಬೀಜವಂತೆ, ಸೂರ್ಯಕಾಂತಿ ಎಂದು ಹೆಸರಂತೆ. ಬೀಜ ಹಿಂಡಿದರೆ ಎಣ್ಣೆ ಬರುತ್ತದಂತೆ. ಆದರೆ ಓಬಣ್ಣ ಎಣ್ಣೆಗೆ ಬಿತ್ತುವುದಿಲ್ಲವಂತೆ, ಗೊಬ್ಬರಕ್ಕೆ ಬಿತ್ತುತ್ತಾನಂತೆ!

ಅರಳಿಕಟ್ಟೆಯಲ್ಲಿ ಪಾಪಣ್ಣ ವಿವರಿಸುವಾಗ ಗೋವಿಂದಪ್ಪ ದೂರದಲ್ಲಿ ಉಣ್ಣೆ ಹಿಂಜುವವನಂತೆ ಕೂತು ಎರಡೂ ಕಿವಿ ಅತ್ತಲೇ ಇಟ್ಟಿದ್ದ.

'ಬೇರೆ ಕಡೆ ಗೊಬ್ಬರಕ್ಕೆ ಬಿತ್ತೋ ಸೆಣಬಿನ ಬೀಜ ಈ ವರ್ಷ ಸಿಗ್ತಾ ಇಲ್ಲ ಕಣ್ರಪ್ಪ. ಇದನ್ನ ಒತ್ತಾಗಿ ಬಿತ್ರಿ. ಬೇರು ಆಳಕ್ಕೆ ಹೋಗಿ ಗಟ್ಟಿ ನೆಲನೂ ಸೀಳ್ತೈತೆ. ಮೊಗ್ಗು ಬಿಡ್ತಿದ್ದಂಗೆ, ಹೂವು ಅರಳಾಕೆ ಮುಂಚೆ, ಹಸಿಯಾಗಿದ್ದಾಗಲೇ ಉತ್ತು ಮಣ್ಣಿಗೆ ಸೇರಿಸ್ರಿ. ಹಸಿರೆಲೆ ಗೊಬ್ಬರ ಆಗತೈತೆ. ಚೆನ್ನಾಗಿ ಕೊಳೀಲಿ, ಆಮ್ಯಾಲೆ ಹಿಂಗಾರಿ ಜೋಳ ಬಿತ್ರಿ.'

'ಹೂವಿನ ಗಿಡ ಬೆಳೆಸಿ ಹೂವು ನೋಡಬಾರ್ದಾ?' ಎಂದು ದೊಡ್ಡತಿಮ್ಮಪ್ಪ ನಕ್ಕ. 'ಮದುವೆ ಮಾಡ್ಕಂಡು ಹೆಂಡ್ತಿ ಮುಖ ನೋಡದೆ ತವರಿಗೆ ಕಳಿಸಿದಂಗಾಯ್ತು.'

ಕಟ್ಟೆಯೆಲ್ಲ ನಕ್ಕಿತು. ಓಬಣ್ಣ ನಗಲಿಲ್ಲ. 'ಮಂದೆ ಕಾಯೋದಕ್ಕಿಂತ ಮೊಗ್ಗು ಕಾಯೋದು ವಾಸಿ' ಎಂದು ಗಾಳಿಗೆ ಹೇಳಿದ. ಗಾಳಿ ಅದನ್ನು ಎಲ್ಲಿಗೆ ಮುಟ್ಟಿಸಬೇಕೋ ಅಲ್ಲಿಗೆ ಮುಟ್ಟಿಸಿತು.

ಅವತ್ತು ಗೋವಿಂದಪ್ಪನಿಗೆ ಸಿಟ್ಟು ಬಂತು, ಹೊಟ್ಟೆಯೂ ಉರಿಯಿತು. ಒಂದು ಗಿಡ ನೂರು ಕುರಿಯ ಕೆಲಸ ಮಾಡುವುದೆಂದರೇನು? ಹಾಗೇನಾದರೂ ಆದರೆ ತಮ್ಮ ಇನ್ನು ಬರುವುದೇ ಇಲ್ಲ. ತಮ್ಮನೊಬ್ಬನೇ ಏಕೆ, ನಾಳೆ ಊರವರು ಯಾರೂ ಬರುವುದಿಲ್ಲ. ಆದರೆ ಈ ಎಲ್ಲದರ ಅಡಿಯಲ್ಲಿ ಹಳೆಯ ಕಾಯಿಲೆ ತಲೆಯೆತ್ತಿತ್ತು. ಆ ಗಿಡ ಹೇಗಿರುತ್ತದೆ?

ಮಂದೆ ಮೇಯಲು ಹೋಗುವ ದಾರಿ ಬಡಗಣಕ್ಕಿತ್ತು. ಗಿಡ ಮೊಳಕಾಲುದ್ದ ಆಗುವಷ್ಟರಲ್ಲಿ ಆ ದಾರಿ ಪಡುವಣಕ್ಕೆ ತಿರುಗಿತು. 'ಆ ಕಡೆ ಹುಲ್ಲು ಚೆನ್ನಾಗೈತೆ' ಎಂದ. 'ಹೌದೌದು, ಓಬಣ್ಣನ ಬದುವಿನ ಮ್ಯಾಲೆ ಅಮೃತ ಬೆಳೆದೈತೆ' ಎಂದಳು ನಿಂಗಕ್ಕ.

ದಿನಾ ಬದುವಿನಾಚೆ ನಿಂತು ಅವನು ನೋಡಿದ. ಎಲೆ ಅಂಗೈಯಗಲ, ಮುಟ್ಟಿದರೆ ಒರಟು. ದಂಟು ಮುರಿದರೆ ಒಳಗೆ ಬೆಳ್ಳಗೆ ಬೆಂಡು. ಮಳೆ ಕಡಿಮೆಯಾದಾಗ ಪಕ್ಕದ ಹೊಲಗಳೆಲ್ಲ ಬಾಡಿದರೆ ಇದು ಮಧ್ಯಾಹ್ನ ಎಲೆ ಇಳಿಬಿಟ್ಟು ಸಂಜೆಗೆ ಮತ್ತೆ ನೆಟ್ಟಗಾಗುತ್ತಿತ್ತು. ಮಘೆ ಮಳೆಯ ಹೊತ್ತಿಗೆ ಸೊಂಟದುದ್ದ ಬೆಳೆದು ತುದಿಯಲ್ಲಿ ಹಸಿರು ಮೊಗ್ಗು ಕಟ್ಟಿತು. ಆಗ ಗೋವಿಂದಪ್ಪ ಕಂಡದ್ದನ್ನು ತಾನೇ ನಂಬಲಿಲ್ಲ. ಬೆಳಗ್ಗೆ ಮೊಗ್ಗುಗಳೆಲ್ಲ ಮೂಡಲಿಗೆ ಮುಖ ಮಾಡಿದ್ದವು, ಸಂಜೆ ಮಂದೆ ಹೊಡೆದುಕೊಂಡು ಬರುವಾಗ ಎಲ್ಲವೂ ಪಡುವಲಿಗೆ ತಿರುಗಿದ್ದವು. ಯಾರೋ ಬಂದು ತಿರುಗಿಸಿ ಹೋದರೇ? ಒಂದು ಹಗಲು ಮಂದೆಯನ್ನು ಹತ್ತಿರದಲ್ಲೇ ಮೇಯಲು ಬಿಟ್ಟು ಬದುವಿನ ಮೇಲೆ ಕೂತೇ ಬಿಟ್ಟ. ತಿರುಗುವುದು ಕಾಣಲಿಲ್ಲ, ತಿರುಗಿದ್ದು ಮಾತ್ರ ಕಂಡಿತು.

ಹಾಗಾದರೆ ಸೂರ್ಯನನ್ನು ನೋಡಿ ತಿರುಗುತ್ತದೋ, ಅಥವಾ ಅದರದೇ ಒಂದು ಗಡಿಯಾರ ಒಳಗಿದೆಯೋ? ಮಾರನೆಯ ಬೆಳಗ್ಗೆ ಓಬಣ್ಣ ಸಂತೆಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು, ಬದುವಿನ ಪಕ್ಕದ ಒಂದು ಗಿಡಕ್ಕೆ ನಾಲ್ಕು ಕೋಲು ನೆಟ್ಟು ತನ್ನ ಕರಿಕಂಬಳಿ ಹೊದಿಸಿದ. ಸಂಜೆ ಬಂದು ಕಂಬಳಿ ಎತ್ತುವ ಹೊತ್ತಿಗೆ ಹಿಂದಿನಿಂದ ಹೆಣ್ಣುಧ್ವನಿ ಬಂತು.

'ಏನ್ ಭಾವ, ಗಿಡಕ್ಕೆ ಚಳಿಯಾ?'

ಓಬಣ್ಣನ ಹೆಂಡತಿ ಕಾಳಕ್ಕ. ಗಂಡಸರಿಬ್ಬರು ಮಾತು ಬಿಟ್ಟಿದ್ದರೂ ಅವಳೂ ನಿಂಗಕ್ಕನೂ ಬಿಟ್ಟಿರಲಿಲ್ಲ. ಹೆಂಗಸರಿಗೆ ಮಾಡಲು ಬೇರೆ ಕೆಲಸವಿತ್ತು. ಗೋವಿಂದಪ್ಪ ನಾಚಿ ಬೆವರಿದ. ಆದರೂ ಕಂಬಳಿ ಎತ್ತದೆ ಹೋಗಲು ಮನಸ್ಸು ಬರಲಿಲ್ಲ. ಎತ್ತಿದ. ಹೊಲದ ಮೊಗ್ಗೆಲ್ಲ ಪಡುವಲು ನೋಡುತ್ತಿದ್ದರೆ ಇದು ನೆತ್ತಿಗೆ ಮುಖ ಮಾಡಿತ್ತು. ಕಣ್ಣು ಕಟ್ಟಿದರೂ ಅರ್ಧ ದಾರಿ ಬಂದಿತ್ತು.

'ಅಯ್ಯ ಶಿವನೇ! ಇದಕ್ಕೆ ದಾರಿ ಹೆಂಗೆ ಗೊತ್ತಾಯ್ತು?' ಎಂದು ಕಾಳಕ್ಕ ಬಾಯಿ ಮೇಲೆ ಕೈ ಇಟ್ಟಳು.

'ಅದೇ ನನಗೂ ತಿಳೀವಲ್ದು ಕಣವ್ವ' ಎಂದ ಗೋವಿಂದಪ್ಪ. ಎರಡು ವರ್ಷದಲ್ಲಿ ಆ ಹೊಲದಲ್ಲಿ ನಿಂತು ಅವನು ಆಡಿದ ಮೊದಲ ಮಾತು ಅದು.

ಹುಬ್ಬೆ ಮಳೆಗೆ ನೆಲ ಮೆತ್ತಗಾದಾಗ ಓಬಣ್ಣ ಉಳುವುದಕ್ಕೆ ಇಳಿದ. ಬದುವಿನ ಮೇಲೆ ಊರೇ ನೆರೆದಿತ್ತು. ಮೊದಲು ದಪ್ಪ ಕೊರಡೊಂದನ್ನು ಎತ್ತಿಗೆ ಕಟ್ಟಿ ಗಿಡದ ಮೇಲೆ ಎಳೆಸಿ ಮಲಗಿಸಿದ. ಕಾಳಕ್ಕ ಮತ್ತು ಇಬ್ಬರು ಆಳುಗಳು ಕುಡುಗೋಲಿನಿಂದ ಉದ್ದ ದಂಟುಗಳನ್ನು ತುಂಡು ಮಾಡಿದರು. ಹಿಂದೆ ಕಬ್ಬಿಣದ ನೇಗಿಲು ಬಂತು. ನಾಳೆಯೋ ನಾಡಿದ್ದೋ ಅರಳಬೇಕಾದ ಮೊಗ್ಗುಗಳು ಒಂದೊಂದೇ ಕರಿಮಣ್ಣಿನೊಳಗೆ ಹೋದವು. ಯಾರೂ ನಗಲಿಲ್ಲ. ಬೆಳೆದದ್ದನ್ನು ಮಣ್ಣಿಗೆ ಹಾಕುವುದನ್ನು ಆ ಊರು ಕಂಡಿರಲಿಲ್ಲ. ಗೋವಿಂದಪ್ಪ ದೂರದಿಂದಲೇ ನೋಡಿದ. ತಮ್ಮ ಪ್ರತಿ ಸಾಲಿನ ಕೊನೆಗೆ ಎತ್ತು ನಿಲ್ಲಿಸಿ, ಮುಚ್ಚಿದ ಸಾಲನ್ನು ತಿರುಗಿ ನೋಡುತ್ತಿದ್ದ. ಅದು ಅಳುಕೆಂದು ಅಣ್ಣನಾದವನಿಗೆ ಅಷ್ಟು ದೂರದಿಂದಲೂ ತಿಳಿಯುತ್ತಿತ್ತು.

ಉತ್ತ ಮೇಲೆ ಏನಾಗುತ್ತದೆ? ಮಣ್ಣಿನೊಳಗೆ ಗಿಡ ಏನು ಮಾಡುತ್ತಿದೆ? ಕೇಳೋಣವೆಂದರೆ ಪಾಪಣ್ಣನಿಗೆ ಹೊಸದುರ್ಗದ ಕಡೆಗೆ ವರ್ಗವಾಗಿ ಅವನ ಸೈಕಲ್ಲು ಆಗಲೇ ಹೋಗಿಯಾಗಿತ್ತು. ಉತ್ತರೆ ಮಳೆಯ ಮೊದಲ ಹನಿ ಬಿದ್ದು ಹದವಾದ ದಿನ, ಊರೆಲ್ಲ ಊಟಕ್ಕೆ ಹೋದ ಹೊತ್ತು ನೋಡಿ ಗೋವಿಂದಪ್ಪ ಬದು ದಾಟಿದ. ದೊಣ್ಣೆಯ ಮೊನೆಯಿಂದ ಕೆದಕಿ ಮೊಣಕೈ ತನಕ ಕೈ ಇಳಿಸಿದ.

ಮಣ್ಣು ಒಳಗೆ ಬೆಚ್ಚಗಿತ್ತು. ಹಿಡಿ ತುಂಬಾ ಹೊರಗೆ ತೆಗೆದು ಮೂಸಿದ. ಹುಳಿ ವಾಸನೆ. ದಂಟು ಇನ್ನೂ ದಂಟಾಗಿಯೇ ಇತ್ತು, ಮೇಲ್ಗಡೆ ಮಾತ್ರ ಲೋಳೆ. ಅವನಿಗೆ ಗುರುತು ಹತ್ತಲು ಕಷ್ಟವಾಗಲಿಲ್ಲ. ಮಳೆಗಾಲದಲ್ಲಿ ಕುರಿ ಕೂಡುವ ರೊಪ್ಪದ ಹಸಿ ಕಸ ತಿಪ್ಪೆಯಲ್ಲಿ ಬೇಯುವಾಗ ಇದೇ ಬಿಸಿ, ಇದೇ ವಾಸನೆ. ಅಂಥ ತಿಪ್ಪೆಯ ಕಸವನ್ನು ಒಮ್ಮೆ ನಿಂಗಕ್ಕ ಅವಸರಪಟ್ಟು ಮೆಣಸಿನ ಗಿಡಕ್ಕೆ ಹಾಕಿದಾಗ ಗಿಡಗಳೆಲ್ಲ ಹಳದಿಯಾಗಿ ಸುಟ್ಟುಹೋಗಿದ್ದವು. ಇಲ್ಲಿ ಈಗ ಬಿತ್ತಿದರೆ ಜೋಳದ ಗತಿಯೂ ಅದೇ.

ತಲೆ ಎತ್ತಿ ನೋಡಿದರೆ ಹೊಲದ ತುದಿಯಲ್ಲಿ ಬೀಜ ಬಿತ್ತುವ ಕೂರಿಗೆ ತಂದು ಇಟ್ಟಾಗಿತ್ತು. ಓಬಣ್ಣ ನಾಳೆಯೇ ಬಿತ್ತುತ್ತಾನೆ. ಬಿತ್ತದೆ ಇನ್ನೇನು ಮಾಡಿಯಾನು? ಕೊಳೆಯಲಿ ಎಂದಿದ್ದ ಪಾಪಣ್ಣ ಎಷ್ಟು ದಿನವೆಂದು ಹೇಳಿರಲಿಲ್ಲ. ಹುಟ್ಟಿದಾಗಿನಿಂದ ಕುರಿಗೊಬ್ಬರ ಕಂಡವನು. ಮಂದೆ ಎದ್ದ ಮೇಲೆ ಉಳು, ಹದ ಸಿಕ್ಕರೆ ಬಿತ್ತು. ಅಪ್ಪ ಕಲಿಸಿದ್ದು ಇದು. ಗಿಡವನ್ನೂ ಅವನು ಹಿಕ್ಕೆಯೆಂದೇ ಎಣಿಸಿದ್ದ. ಹಿಕ್ಕೆ ಕುರಿಯ ಹೊಟ್ಟೆಯಲ್ಲಿ ಬೆಂದು ಬಂದದ್ದು, ಗಿಡ ಇನ್ನೂ ಹಸಿ ಎಂಬುದು ಅವನಿಗೆ ಹೊಳೆದಿರಲಿಲ್ಲ.

ಗೋವಿಂದಪ್ಪ ಕೈ ಒರೆಸಿಕೊಂಡು ಮನೆಗೆ ಬಂದ. ಮುಖದಲ್ಲಿ ಏನೋ ಕಳೆ.

'ಏನು, ನಿಧಿ ಸಿಕ್ತಾ?' ಎಂದಳು ನಿಂಗಕ್ಕ.

ಅವನು ಹೇಳಿದ. ಅವಳು ಮುದ್ದೆ ಕಟ್ಟುವುದನ್ನು ನಿಲ್ಲಿಸಿ ಕೇಳಿದಳು. ಆಮೇಲೆ, 'ಸುಮ್ನಿರ್ರಿ. ನೀವೇನೂ ಮಾಡಿಲ್ಲ, ಅವರೇ ಮಾಡ್ಕಂಡಿದ್ದು. ಈ ವರ್ಷ ಸುಡ್ಲಿ. ಬರೋ ವರ್ಷ ತಾವಾಗೇ ಬಂದು ಮಂದೆ ಕೇಳ್ತಾರೆ. ನಿಮಗೆ ಬೇಕಾಗಿದ್ದೂ ಅದೇ ಅಲ್ವ?' ಎಂದಳು.

ಅದೇ ಬೇಕಾಗಿತ್ತು. ಎರಡು ವರ್ಷದಿಂದ ಬೇಕಾಗಿದ್ದದ್ದು ಅದೊಂದೇ. ಗೋವಿಂದಪ್ಪ ಸಂತೋಷದಿಂದ ಊಟಕ್ಕೆ ಕೂತ. ಎರಡು ತುತ್ತು ಒಳಗೆ ಹೋಯಿತು, ಮೂರನೆಯದು ಹೋಗಲಿಲ್ಲ.

'ಯಾಕ್ರಿ?'

'ಅಲ್ಲ ಕಣೇ, ಸುಟ್ಟು ಹೋದ್ರೆ ಎಲ್ಲರೂ ಏನಂತಾರೆ? ಆ ಹೂವು ಕೆಟ್ಟದ್ದು ಅಂತಾರೆ.'

'ಅನ್ಲಿ. ಒಳ್ಳೇದೇ ಆಯ್ತು.'

'ಹೂವು ಕೆಟ್ಟದ್ದೋ ಒಳ್ಳೇದೋ ಯಾರಿಗೆ ಗೊತ್ತು? ಗೊತ್ತಾಗಾಕೆ ಬಿಡಬೇಕಲ್ಲ! ಅದು ನಮ್ಮ ಕುರಿಗಿಂತ ಹೆಚ್ಚೋ ಕಮ್ಮಿಯೋ ಅಂತ ನಾನು ಸಾಯೋತನಕ ತಿಳ್ಕಳಾಕೆ ಆಗಲ್ಲ.'

ನಿಂಗಕ್ಕ ಗಂಡನ ಮುಖವನ್ನೇ ನೋಡಿದಳು. ಗಡಿಯಾರ ಬಿಚ್ಚಿದ ದಿನ ಇದ್ದ ಮುಖ ಅದು. 'ನಿಮ್ಮ ಹಣೇಬರ' ಎಂದು ಸಾರು ಬಡಿಸಿದಳು.

ಬೆಳಗ್ಗೆ ಓಬಣ್ಣ ಕೂರಿಗೆಗೆ ಕುಂಕುಮ ಹಚ್ಚಿ ಕಾಯಿ ಒಡೆದು ಎತ್ತು ಹೂಡಿದ್ದ. ಕಾಳಕ್ಕ ಮಡಿಲಲ್ಲಿ ಬಿತ್ತನೆ ಜೋಳ ಕಟ್ಟಿಕೊಂಡು ಕೂರಿಗೆಯ ಹಿಂದೆ ನಿಂತಿದ್ದಳು. ಗೋವಿಂದಪ್ಪ ಬದು ದಾಟಿ ಸೀದಾ ಎತ್ತುಗಳ ಮುಂದೆ ಬಂದು ನಿಂತ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು.

'ಬಿತ್ತಬ್ಯಾಡ' ಎಂದ.

ಓಬಣ್ಣ ಹೆಂಡತಿಯ ಕಡೆ ತಿರುಗಿ, 'ಎತ್ತಿನ ಮುಂದೆ ಯಾರೋ ನಿಂತವ್ರೆ, ಪಕ್ಕಕ್ಕೆ ಸರಿಯಾಕೆ ಹೇಳು' ಎಂದ.

'ಒಳಗೆ ಇನ್ನೂ ಬೇಯ್ತಾ ಐತೆ. ಬೀಜ ಸುಡತೈತೆ. ಹಿಕ್ಕೆ ಅಲ್ಲ ಅದು, ಹಸಿ ಸೊಪ್ಪು. ಆರಬೇಕು.'

'ಹದ ಹೋಗ್ಲಿ ಅಂತ ಹೇಳ್ತಾವ್ರೆ' ಎಂದ ಓಬಣ್ಣ ಮತ್ತೆ ಹೆಂಡತಿಗೇ. ಆಮೇಲೆ ತಡೆಯಲಾಗದೆ ನೇರವಾಗಿ ತಿರುಗಿದ. 'ನನ್ನ ಬೆಳೆ ಕೆಟ್ರೆ ನಿನಗೇ ಲಾಭ. ನಾನು ನಿನ್ನ ಬಾಗಿಲಿಗೆ ಬಂದು ಮಂದೆ ಕೇಳಬೇಕು, ಅದೇ ತಾನೆ ನೀನು ಕಾಯ್ತಿರೋದು? ಹಂಗಿದ್ರೆ ಇದನ್ನ ಯಾಕೆ ಹೇಳ್ತೀಯ? ಇದ್ರಾಗೂ ಏನೋ ಐತೆ.'

ತಮ್ಮ ಇಷ್ಟೆಲ್ಲ ತಿಳಿದುಕೊಂಡಿದ್ದಾನೆಂದು ಗೋವಿಂದಪ್ಪನಿಗೆ ಗೊತ್ತಿರಲಿಲ್ಲ. ಬೆತ್ತಲಾದಂತಾಯಿತು. ಇನ್ನು ಮುಚ್ಚಿಡುವುದಕ್ಕೇನಿದೆ?

'ಹೌದು, ಕಾಯ್ತಿದ್ದೆ. ಸುಳ್ಳು ಯಾಕೆ ಹೇಳ್ಲಿ? ಆದ್ರೆ ಅರೆಬೆಂದ ಅನ್ನ ಉಂಡು ಅಕ್ಕಿ ಚೆನ್ನಾಗಿಲ್ಲ ಅಂದ್ರೆ ನ್ಯಾಯನಾ? ಆ ಹೂವು ನನ್ನ ಕುರಿನ ಗೆದ್ರೆ ಗೆಲ್ಲಲಿ. ಸೋತ್ರೆ ಸೋಲಲಿ. ಸರಿಯಾಗಿ ಸೋಲಬೇಕು ಕಣೋ. ನನಗೆ ಅದು ಗೊತ್ತಾಗಬೇಕು. ಕೈ ಹಾಕಿ ನೋಡು, ಆಮ್ಯಾಲೆ ಬಿತ್ತು.'

ಓಬಣ್ಣ ಎತ್ತಿನ ಹಗ್ಗವನ್ನು ಕೂರಿಗೆಗೆ ಸುತ್ತಿದ. ಕೂತು ಮಣ್ಣಿನೊಳಗೆ ಕೈ ಇಳಿಸಿದ. ಅವನ ಮುಖ ಬದಲಾದದ್ದು ಕಾಳಕ್ಕನಿಗೂ ಕಂಡಿತು. ದಂಟಿನ ತುಂಡೊಂದನ್ನು ಎಳೆದು ಮೂಸಿ ಮುಖ ಕಿವುಚಿದ.

'ಹದ ಹೋಗತೈತೆ' ಎಂದ, ಈ ಸಲ ಮೆತ್ತಗೆ. 'ಇನ್ನೊಂದು ಮಳೆ ಬರದೇ ಹೋದ್ರೆ?'

'ಬರದೇ ಹೋದ್ರೆ ನನ್ನ ಬೈಯಿ. ದಿನಾ ಬೈಯಿ. ಹಂಗಾದ್ರೂ ಮಾತಾಡಿದಂಗೆ ಆಗತೈತೆ.'

ಓಬಣ್ಣ ಎತ್ತಿನ ಕೊರಳ ಹುರಿ ಸರಿಮಾಡುವವನಂತೆ ಅತ್ತ ತಿರುಗಿದ. ಕಾಳಕ್ಕನಿಗೆ ಸಾಕಾಯಿತು. 'ಬೀಜ ಇರೋದು ನನ್ನ ಮಡ್ಲಾಗೆ. ನಾನಂತೂ ಸುರಿಯಲ್ಲ. ಬರ್ರಿ, ಮನೆಗೆ ಹೋಗಾಣ' ಎಂದು ಗಂಟು ಬಿಗಿದು ನಡೆದೇಬಿಟ್ಟಳು.

ಊರವರು ಬಾಯಿಗೆ ಬಂದಂತೆ ಆಡಿಕೊಂಡರು. ಕೂರಿಗೆ ಪೂಜೆ ಮಾಡಿ ಬಿತ್ತದೆ ಹಿಂತಿರುಗಿದವನು ಇವನೊಬ್ಬನೇ ಎಂದರು, ಅಣ್ಣ ಸೇಡು ತೀರಿಸಿಕೊಂಡ ಎಂದರು. ಉತ್ತರೆ ಮಳೆ ಒಣಗಿಯೇ ಹೋಯಿತು. ಅಕ್ಕಪಕ್ಕದ ಹೊಲಗಳಲ್ಲಿ ಜೋಳ ಮೊಳೆತು ಸಾಲು ಕಂಡವು, ದೊಡ್ಡತಿಮ್ಮಪ್ಪನದಂತೂ ಗೋವಿಂದಪ್ಪನ ಮಂದೆಯೇ ನಿಂತೆದ್ದ ಹೊಲ, ಹಸಿರು ಹಾಸಿದಂತಿತ್ತು. ಓಬಣ್ಣನ ಹೊಲ ಮಾತ್ರ ಕರ್ರಗೆ ಬೋಳಾಗಿ ಬಿದ್ದಿತ್ತು. ಗೋವಿಂದಪ್ಪನಿಗೆ ನಿದ್ದೆ ಬಿಟ್ಟುಹೋಯಿತು. ದಿನಾ ಹೋಗಿ ಒಂದು ಕಡೆ ಕೆದಕುವನು. ಓಬಣ್ಣ ಇನ್ನೊಂದು ಕಡೆ ಕೆದಕುವನು. ಮಾತಿಲ್ಲ. ಕೈಯಲ್ಲಿದ್ದ ಮಣ್ಣನ್ನು ಒಬ್ಬ ಇನ್ನೊಬ್ಬನ ಕಡೆ ಚಾಚುವನು, ಅವನು ಮೂಸುವನು, ತಲೆಯಾಡಿಸುವನು. ಹುಳಿ ವಾಸನೆ ಮೊದಲು ತೆಳುವಾಯಿತು. ಆಮೇಲೆ ಬಿಸಿ ಹೋಯಿತು. ಒಂದು ದಿನ ಹಿಡಿಯಲ್ಲಿದ್ದ ದಂಟು ಅದುಮಿದರೆ ಪುಡಿಯಾಯಿತು, ಮಣ್ಣು ಹೊಸಮಳೆಯ ವಾಸನೆ ಹೊಡೆಯಿತು. ಎರೆಹುಳುವೊಂದು ಓಬಣ್ಣನ ಬೆರಳ ಸಂದಿಯಿಂದ ಇಳಿದು ಹೋಯಿತು.

'ಆಯ್ತು ಅನ್ಸತೈತೆ' ಎಂದ ಗೋವಿಂದಪ್ಪ.

'ಹೂಂ' ಎಂದ ಓಬಣ್ಣ. ಆಕಾಶದಲ್ಲಿ ಒಂದು ಮೋಡವಿರಲಿಲ್ಲ.

ಹಸ್ತ ಮಳೆ ಅರ್ಧ ಕಳೆದ ಮೇಲೆ, ಇಬ್ಬರ ಆಸೆಯೂ ಬತ್ತಿದ ಹೊತ್ತಿಗೆ, ಮಾರಿಕಣಿವೆಯ ಗುಡ್ಡದ ಕಡೆಯಿಂದ ಸಂಜೆ ಮಳೆ ಎದ್ದು ಬಂತು. ಗೋವಿಂದಪ್ಪ ರೊಪ್ಪದ ಬಾಗಿಲಲ್ಲಿ ನಿಂತು ನೆನೆದು ತೊಪ್ಪೆಯಾದ. ನಿಂಗಕ್ಕ ಎಷ್ಟು ಕರೆದರೂ ಒಳಗೆ ಬರಲಿಲ್ಲ. ಹದ ಬಂದ ದಿನ ಕಾಳಕ್ಕ ಮಡಿಲ ಬೀಜವನ್ನು ಕೂರಿಗೆಯ ಬಟ್ಟಲಿಗೆ ಸುರಿದಳು.

ತಡವಾಗಿ ಬಿತ್ತಿದ ಜೋಳ ಅವಸರ ಪಡಲಿಲ್ಲ. ಚಳಿ ಇಳಿಯುವ ತನಕ ಪಕ್ಕ ಪಕ್ಕದ ಎರಡು ಹೊಲಗಳಲ್ಲಿ ಗೋವಿಂದಪ್ಪ ದಿನವೂ ಓಡಾಡಿದ. ಒಂದರಲ್ಲಿ ಅವನ ಕುರಿ ಬೆಳೆಯುತ್ತಿತ್ತು, ಇನ್ನೊಂದರಲ್ಲಿ ಹೂವು. ಯಾವುದನ್ನು ಗೆಲ್ಲಿಸಬೇಕೆಂದು ಅವನಿಗೇ ತಿಳಿಯುತ್ತಿರಲಿಲ್ಲ. ಬೆಳಗ್ಗೆ ಒಂದರ ಕಡೆ ಇರುತ್ತಿದ್ದ, ಸಂಜೆ ಇನ್ನೊಂದರ ಕಡೆ.

ತೆನೆ ಬಲಿತಾಗ ಊರಿನಲ್ಲಿ ವಾದ ಎದ್ದಿತು. ಕೆಲವರು ದೊಡ್ಡತಿಮ್ಮಪ್ಪನದು ಮೇಲು ಎಂದರು, ಕೆಲವರು ಓಬಣ್ಣನದು ಎಂದರು. ಕೊಯ್ಲಿನ ದಿನ ದೊಡ್ಡತಿಮ್ಮಪ್ಪನೇ ಗೋವಿಂದಪ್ಪನನ್ನು ಕರೆಸಿದ. ಎರಡು ಹೊಲದ ನಡುವಿನ ಬದುವಿನ ಮೇಲೆ ಜನ ನಿಂತಿತ್ತು.

'ನೋಡಪ್ಪ ಗೋವಿಂದಪ್ಪ, ಎರಡೂ ಹೊಲ ನಿನ್ನ ಕಣ್ಣ ಮುಂದೆ ಬೆಳೆದವು. ಮಂದೆ ಹೊಲದ ಬೆಳೆ ನಿನ್ನಷ್ಟು ಕಂಡವರು ಯಾರಿಲ್ಲ. ನೀನು ಹೇಳಿದ್ದೇ ಖರೆ. ಬರೋ ವರ್ಷ ನಾನೇನು ಮಾಡ್ಲಿ? ಮಂದೆನೋ ಹೂವೋ?'

ಓಬಣ್ಣ ಕುಡುಗೋಲು ಹಿಡಿದು ತನ್ನ ಹೊಲದಲ್ಲೇ ನಿಂತಿದ್ದ.

ಗೋವಿಂದಪ್ಪ ಮೊದಲು ದೊಡ್ಡತಿಮ್ಮಪ್ಪನ ಹೊಲಕ್ಕೆ ಇಳಿದ. ತೆನೆ ಮುರಿದು ಅಂಗೈಯಲ್ಲಿ ತೂಗಿದ. ದಪ್ಪ ಕಾಳು, ಒಳ್ಳೆಯ ಹೊಳಪು. ಅವನ ಕುರಿ ಮೋಸ ಮಾಡಿರಲಿಲ್ಲ. ಬುಡದಲ್ಲಿ ಎರೆ ಬಾಯಿಬಿಟ್ಟಿತ್ತು, ಬಿರುಕಿನಲ್ಲಿ ಕೈ ಹೋಗುತ್ತಿತ್ತು. ಆಮೇಲೆ ತಮ್ಮನ ಹೊಲಕ್ಕೆ ದಾಟಿದ. ತೆನೆ ಅಷ್ಟೇ ಭಾರ. ತಡವಾಗಿ ಬಿತ್ತಿದ್ದರೂ ಅಷ್ಟೇ. ಕೂತು ಬುಡ ನೋಡಿದ. ಬಿರುಕುಗಳು ಕೂದಲಂತೆ ಸಣ್ಣಗಿದ್ದವು. ಬೆರಳಿನಿಂದ ಕೆದಕಿದರೆ ಅಡಿಯಲ್ಲಿ ಇನ್ನೂ ಪಸೆಯಿತ್ತು, ಕೆಳಗಿನ ಎಲೆಯ ತನಕ ಹಸಿರಿತ್ತು. ಆ ಗಿಡ ನೆಲದೊಳಗೆ ಹೋಗಿ ಏನು ಮಾಡಿತ್ತೆಂದು ಕಡೆಗೂ ಅವನಿಗೆ ಗೊತ್ತಾಯಿತು. ಆ ಗಳಿಗೆಯಲ್ಲಿ ಅವನಿಗಾದ ಸಂತೋಷ ಇಷ್ಟೇ ಎಂದು ಹೇಳಲು ಬರುವುದಿಲ್ಲ. ಎದ್ದು ನಿಂತಾಗ ಮಾತ್ರ, ಇದನ್ನು ಬಾಯಿಬಿಟ್ಟು ಹೇಳಿದರೆ ತನ್ನ ಮಂದೆಯ ಗತಿಯೇನು ಎಂಬುದು ನೆನಪಾಯಿತು. ತೆನೆ ಎರಡೂ ಸಮ ಎಂದಷ್ಟೇ ಹೇಳಿ ಬಿಟ್ಟರೆ ಸುಳ್ಳೂ ಆಗುವುದಿಲ್ಲ. ಒಂದು ಕ್ಷಣ ಹಾಗೆಯೇ ಹೇಳೋಣವೆನ್ನಿಸಿತು.

'ತೆನೆ ಸಮ ಯಜಮಾನ್ರೆ' ಎಂದ. ಆಮೇಲೆ ಬಾಯಿ ತಾನಾಗಿಯೇ ಮುಂದುವರಿಯಿತು. 'ಆದ್ರೆ ನೆಲ ಓಬಣ್ಣಂದು ಮೇಲು. ಬುಡದಾಗೆ ಇನ್ನೂ ತಂಪು ಐತೆ. ನನ್ನ ಕುರಿ ಕಾಳು ಕೊಟ್ಟವು. ಹೂವು ಕಾಳನ್ನೂ ಕೊಡ್ತು, ನೆಲನೂ ಮೆತ್ತಗೆ ಮಾಡ್ತು.'

'ಹಂಗಾದ್ರೆ ಬರೋ ವರ್ಷ ನನಗೂ ಹೂವೇ ಸಾಕು' ಎಂದ ದೊಡ್ಡತಿಮ್ಮಪ್ಪ. 'ಮಂದೆ ಬ್ಯಾಡಪ್ಪ. ಬೇಜಾರು ಮಾಡ್ಕಬ್ಯಾಡ.' ಹಿಂದಿನಿಂದ ಇನ್ನಿಬ್ಬರು 'ನಮಗೂ ಬೀಜ ಬೇಕು' ಎಂದರು.

ಗೋವಿಂದಪ್ಪ ತಲೆಯಾಡಿಸಿ ಬದು ಇಳಿದು ನಡೆದ. ಹೇಳಿದ್ದಕ್ಕೆ ವ್ಯಥೆಯಿರಲಿಲ್ಲ. ಆದರೆ ನಿಂಗಕ್ಕನಿಗೆ ಏನು ಹೇಳುವುದೆಂದು ಹೊಳೆಯಲಿಲ್ಲ. ಅಪ್ಪನ ಕಾಲದಿಂದ ಕರೆಯುತ್ತಿದ್ದ ಹೊಲಗಳು ಇನ್ನು ಕರೆಯುವುದಿಲ್ಲ. ತಮ್ಮ ಮಂದೆ ಕೇಳಲು ಬರುವ ದಿನವೊಂದಿದ್ದರೆ ಅದೂ ಹೋಯಿತು, ಅದನ್ನು ತನ್ನ ಕೈಯಿಂದಲೇ ಉತ್ತು ಮುಚ್ಚಿದ್ದಾಯಿತು.

'ಅಣ್ಣ, ನಿಂತ್ಕ.'

ಓಬಣ್ಣ ಓಡಿ ಬಂದಿದ್ದ, ಏದುಸಿರು ಬಿಡುತ್ತಿದ್ದ. ಎದುರು ನಿಂತು ಕುಡುಗೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ.

'ನನಗೊಂದು ಅನುಮಾನ ಐತೆ' ಎಂದ ಕೊನೆಗೆ. 'ಬರೋ ವರ್ಷ ಅರ್ಧ ಹೊಲದಾಗೆ ಬರೀ ಹೂವು ಉಳಾಣ. ಇನ್ನರ್ಧದಾಗೆ ಹೂವು ಮೊಗ್ಗಾದಾಗ ನಿನ್ನ ಮಂದೆ ಬಿಡಾಣ. ತಿಂದಿದ್ದು ತಿನ್ಲಿ, ತುಳಿದಿದ್ದು ತುಳೀಲಿ, ಅಲ್ಲೇ ಮಲಗ್ಲಿ, ಆಮ್ಯಾಲೆ ಉಳಾಣ. ಎರಡೂ ಸೇರಿದ್ರೆ ಏನಾಗತೈತೆ? ನಿನಗೆ ಗೊತ್ತಾ?'

ಗೋವಿಂದಪ್ಪನಿಗೆ ಗೊತ್ತಿರಲಿಲ್ಲ. ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಕ್ಕಿಲ್ಲ ಎನ್ನಿಸಿತು. ಕಣ್ಣು ತುಂಬಿ ತಮ್ಮನ ಮುಖ ಸರಿಯಾಗಿ ಕಾಣಲಿಲ್ಲ, ಕಂಬಳಿಯ ತುದಿಯಿಂದ ಒರೆಸಿಕೊಂಡು ಹಿಂದಕ್ಕೆ ತಿರುಗಿ ಹೊಲವನ್ನು ಉದ್ದಕ್ಕೂ ನೋಡಿದ.

'ಮಂದೆಗೆ ಯಾವ ಅರ್ಧ?' ಎಂದ.

'ಕೆಳಗಿನ ಅರ್ಧ. ನಿನ್ನ ಕುರಿಗೆ ಒಳ್ಳೇದೇ ಇರ್ಲಿ.'

'ಬ್ಯಾಡ. ನೀರೆಲ್ಲ ಇಳಿಯಾದು ಅಲ್ಲಿಗೇ, ಏನು ಹಾಕಿದ್ರೂ ಅದೇ ಗೆಲ್ಲತೈತೆ. ಅದ್ರಿಂದ ಏನೂ ಗೊತ್ತಾಗಲ್ಲ' ಎಂದ ಗೋವಿಂದಪ್ಪ. 'ಮೇಲಿನ ಅರ್ಧ ಕೊಡು.'